ಒಂದು ಪದಕ್ಕೆ ಒಂದು ಗಾಡಿ

ಅವಳ ಗಾಡಿಯನ್ನು ಕಿತ್ತುಕೊಂಡದ್ದು ಒಂದು ಪದಕ್ಕಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಕಿತ್ತುಕೊಳ್ಳಿ ಎಂಬ ಪತ್ರವನ್ನು ಟೈಪು ಮಾಡಿದವನು ನಾನು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ತಿದ್ದಿದೆ. ಬೇರೇನನ್ನೂ ತಿದ್ದಲಿಲ್ಲ.

ನಗರಸಭೆಯ ಶಬ್ದಕೋಶ ವಿಭಾಗದಲ್ಲಿ ನಾನು ಕರಡು ತಿದ್ದುವವನು. ನಮ್ಮದು ಮೂರನೆಯ ಮಹಡಿ. ಕೆಳಗಿನ ಎರಡು ಮಹಡಿಗಳಲ್ಲಿ ಜನರನ್ನು ಸತಾಯಿಸುವ ಕೆಲಸ ನಡೆಯುತ್ತದೆ. ಮೂರನೆಯದರಲ್ಲಿ ಆ ಕೆಲಸಗಳಿಗೆ ಹೆಸರಿಡುತ್ತೇವೆ. ಪ್ರಧಾನ ಸಂಪಾದಕರನ್ನು ಎದುರಿಗೆ ಸಾರ್ ಎನ್ನುತ್ತೇವೆ, ಬೆನ್ನ ಹಿಂದೆ ಪಂಡಿತರು ಎನ್ನುತ್ತೇವೆ. ಎರಡನ್ನೂ ಅವರು ಹೊಗಳಿಕೆ ಎಂದುಕೊಂಡಿದ್ದಾರೆ. ಧ್ವನಿಮುದ್ರಣದ ಯಂತ್ರವನ್ನು ಕೊರಳಿಗೆ ನೇತುಹಾಕಿಕೊಂಡು ಓಡಾಡುವ ಸಹಾಯಕ ಸಂಪಾದಕನಿಗೆ ಯಂತ್ರಪ್ಪ ಎಂದು ಹೆಸರು ಬಿದ್ದಿದೆ. ಸ್ವಂತ ಹೆಸರು ಹಿಡಿದು ಕರೆದರೆ ಈಗ ಅವನು ತಿರುಗಿಯೂ ನೋಡುವುದಿಲ್ಲ.

ಗಾಡಿಯಕ್ಕ ನಮ್ಮ ಕಟ್ಟಡದ ಮತ್ತು ಅದೇ ಬೀದಿಯ ಇನ್ನು ನಾಲ್ಕು ಕಟ್ಟಡಗಳ ಕಸ ಸಾಗಿಸುವವಳು. ಮುಂದಿನ ಮೆಟ್ಟಿಲು ಅವಳಿಗಿಲ್ಲ. ಹಿಂದೆ ಕಬ್ಬಿಣದ ಸುತ್ತು ಮೆಟ್ಟಿಲಿದೆ, ಐವತ್ತೆಂಟು ಹಂತ. ತುಂಬಿದ ಬುಟ್ಟಿಯನ್ನು ಸೊಂಟಕ್ಕಿಟ್ಟು ಇಳಿಯಬೇಕು, ಖಾಲಿ ಬುಟ್ಟಿ ಹಿಡಿದು ಹತ್ತಬೇಕು, ದಿನಕ್ಕೆ ಹನ್ನೆರಡು ಸಲ. ನೀರು ಕುಡಿಯಲು ಹಿಡಿ ಮುರಿದ ಒಂದು ಕಪ್ಪನ್ನು ಶೌಚಾಲಯದ ಕಿಟಕಿಯ ಮೇಲೆ ಇಟ್ಟಿದ್ದೇವೆ. ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಅದು ಅವಳ ಕಪ್ಪು ಎಂದು ನಾವು ಉದಾರವಾಗಿ ಹೇಳುತ್ತೇವೆ.

ನಿಜವಾಗಿ ಅವಳದ್ದೆಂದು ಇದ್ದದ್ದು ಗಾಡಿ. ಚೌಕಟ್ಟು ಯಾರೋ ಎಸೆದ ಮಂಚದ್ದು. ಮುಂದಿನ ಚಕ್ರ ಸೈಕಲ್ಲಿನದು. ಹಿಂದಿನ ಎರಡು ಆಸ್ಪತ್ರೆಯ ಮುರುಕು ಸ್ಟ್ರೆಚರಿನವು. ಎಲ್ಲವೂ ಕಸದಲ್ಲಿ ಸಿಕ್ಕಿದ್ದು, ಜೋಡಿಸಿದವಳು ಅವಳೇ. ಎಳೆಯಲು ಒಂದು ಹಗ್ಗ, ಎಡ ಭುಜದಿಂದ ಎದೆಗೆ ಅಡ್ಡಲಾಗಿ. ಆ ಹಗ್ಗ ಕೂರುವ ಜಾಗದಲ್ಲಿ ಚರ್ಮ ಜಡ್ಡುಗಟ್ಟಿ ಕರಿದಾಗಿತ್ತು. ಕಸ ಸುರಿಯುವ ಹೊಂಡಕ್ಕೆ ಹೋಗುವ ದಾರಿ ಪೂರ್ತಿ ಏರಂತೆ. ಗಾಡಿಯಿದ್ದರೆ ಬೀದಿ ಅವಳದು. ಗಾಡಿ ಹೋದರೆ ಬೀದಿಯೂ ಹೋಯಿತು.

ಇನ್ನು ನಮ್ಮ ಕೆಲಸ. ನಗರಸಭೆ ಹೊಸ ಕಾಯಿದೆ ಮಾಡಿತ್ತು. ಬೀದಿಯಲ್ಲಿ ಅಡ್ಡ ನಿಂತ ಯಾವ ವಸ್ತುವನ್ನಾದರೂ ಹೊತ್ತೊಯ್ಯಬಹುದು. ಅದು ಕಲಂ ಒಂದು. ಹಾಗೆ ಒಯ್ದದ್ದನ್ನು ಯಾರಾದರೂ ಬಲವಂತದಿಂದ ಮರಳಿ ಒಯ್ದರೆ ಅದು ಅಪರಾಧ. ಅದು ಕಲಂ ಎರಡು. ಈ ಎರಡನೆಯದನ್ನು ನಗರದ ಹನ್ನೊಂದು ಭಾಷೆಗಳಲ್ಲಿ ಗೋಡೆಗೆ ಅಂಟಿಸಬೇಕಿತ್ತು. ಅಪರಾಧ ಮಾಡುವವನಿಗೆ ತಾನು ಮಾಡುತ್ತಿರುವುದು ಅಪರಾಧ ಎಂದು ತನ್ನ ತಾಯಿನುಡಿಯಲ್ಲಿ ಗೊತ್ತಾಗುವುದು ಅವನ ಹಕ್ಕಂತೆ. ಪಂಡಿತರ ಮಾತು.

ಪಂಡಿತರು ಎರಡು ತಿಂಗಳು ಮರಳಿ ಕಿತ್ತುಕೊಳ್ಳುವ ಈ ಒಂದು ಕ್ರಿಯೆಯ ಮೇಲೆಯೇ ಬದುಕಿದರು. ಲ್ಯಾಟಿನ್ನಿನ ವಿಂದಿಕಾತಿಯೊ ಎಂದರು, ತನ್ನದನ್ನು ತನ್ನದೆಂದು ಸಾಧಿಸಿ ಪಡೆಯುವುದು. ಹಳೆಯ ಇಂಗ್ಲಿಷ್ ಕಾನೂನಿನ ವಿದರ್ನಾಮ್ ಎಂದರು, ನನ್ನ ಎತ್ತನ್ನು ಹಿಡಿದು ನೀನು ಬಚ್ಚಿಟ್ಟರೆ ಬದಲಿಗೆ ನಿನ್ನ ಎತ್ತನ್ನು ಹಿಡಿದು ತರುವುದು. ಜಪ್ತಿ ಅರಬ್ಬಿಯಲ್ಲಿ ಹುಟ್ಟಿ ಪರ್ಶಿಯನ್ ದಾರಿ ಹಿಡಿದು ನಮ್ಮಲ್ಲಿಗೆ ಬಂತು ಎಂದರು. ಪದಗಳನ್ನು ಯಾವ ಗೇಟಿನಲ್ಲೂ ಯಾರೂ ತಡೆಯುವುದಿಲ್ಲ. ಹಳೆಯ ವೀರಗಲ್ಲುಗಳಲ್ಲಿ ತುಱುವಂ ಮಗುೞ್ಚಿ ಎಂದು ಬರುತ್ತದೆ, ಕದ್ದೊಯ್ದ ದನಗಳನ್ನು ಹೊಡೆದಾಡಿ ಹಿಂದಕ್ಕೆ ತಂದವನ ಮಾತು. ಅಲ್ಲಿಗೆ ಬಂದಾಗ ಪಂಡಿತರ ಕಣ್ಣು ಒದ್ದೆಯಾಯಿತು.

“ತನ್ನದನ್ನ ಮರಳಿ ತಂದವನಿಗೆ ಕಲ್ಲು ನೆಟ್ಟ ಜನ ರೀ ನಾವು!”

ಸಗಣಿ ಕಂಡರೆ ಮೂಗು ಮುಚ್ಚಿ ಆಚೆ ಬದಿಗೆ ದಾಟುವ ಮನುಷ್ಯ. ಎಂಟುನೂರು ವರ್ಷ ಹಳೆಯ ಸಗಣಿಯಾದರೆ ಅಡ್ಡಿಯಿಲ್ಲ.

ಹತ್ತು ಭಾಷೆಗಳ ಪದ ಸಿಕ್ಕಿತು. ಹನ್ನೊಂದನೆಯದು ಕಸದವರ ಮನೆಮಾತು. ಅದಕ್ಕೆ ಲಿಪಿಯಿಲ್ಲ, ಪುಸ್ತಕವಿಲ್ಲ, ಪಂಡಿತರಿಲ್ಲ. ಪಂಡಿತರು ಗಾಡಿಯಕ್ಕನನ್ನು ಕರೆದರು.

“ಬಾಮ್ಮ ಇಲ್ಲಿ. ಒಳಗೆ ಬೇಡ, ಅಲ್ಲೇ ಬಾಗಿಲ ಹತ್ರ ನಿಂತ್ಕೊ. ನಿನ್ನ ವಸ್ತು ಯಾರೋ ಕಿತ್ಕೊಂಡ್ ಹೋದ್ರು ಅಂತಿಟ್ಕೊ. ನೀನು ಹೋಗಿ ಜಬರ್‌ದಸ್ತಿಯಿಂದ ವಾಪಸ್ ತಂದೆ. ಅದಕ್ಕೆ ನಿಮ್ಮಲ್ಲಿ ಏನಂತೀರಿ?”

“ಯಾರು ತಂದ್ರು ಸಾರ್?”

“ನೀನು.”

“ತರೋಕೆ ಬಿಡ್ತಾರಾ?”

“ಬಿಡ್ಲಿಲ್ಲ ಅಂದ್ರೂ ತಂದೆ. ಅದಕ್ಕೇ ತಾನೆ ಬಲವಂತ ಅನ್ನೋದು!”

ಅವಳು ಬುಟ್ಟಿಯನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡು ಯೋಚಿಸಿದಳು. ಒಂದು ಪದ ಹೇಳಿದಳು. ಚಿಕ್ಕದು. ಯಂತ್ರಪ್ಪ ಬರೆದುಕೊಳ್ಳಲು ಹೋದ.

“ಬರೀಬೇಡ!” ಎಂದು ಪಂಡಿತರು ಗದರಿದರು. “ಕೇಳಿ ಹೇಳಿಸಿದ್ದು ಅದು. ಏಳನೇ ನಿಯಮ ಮರೆತೆಯಾ?”

ಏಳನೆಯ ನಿಯಮದ ಚರಿತ್ರೆ ಇಷ್ಟು. ಹಿಂದೊಮ್ಮೆ ಕಸದವರ ಕೇರಿಯ, ಸುಣ್ಣ ಬಳಿಯುವ ಒಬ್ಬನನ್ನು ನಿಲ್ಲಿಸಿಕೊಂಡು, ಗೌರವಾನ್ವಿತ ಎನ್ನುವುದಕ್ಕೆ ನಿಮ್ಮ ಮಾತಿನಲ್ಲಿ ಏನೆನ್ನುತ್ತೀರಿ ಎಂದು ಕೇಳಿದ್ದರು. ಅವನು ಹೇಳಿಕೊಟ್ಟ. ಅದನ್ನು ಸ್ವಾಗತದ ಕಮಾನಿನ ಮೇಲೆ ಬರೆಸಿದರು. ಮಂತ್ರಿಗಳು ಆ ಕಮಾನಿನ ಕೆಳಗೆ ಹಾಯುವಾಗ ಕಸದವರೆಲ್ಲ ಹೊಟ್ಟೆ ಹಿಡಿದುಕೊಂಡು ಯಾಕೆ ನೆಲಕ್ಕೆ ಕೂತರು ಎಂದು ತಿಳಿಯಲು ನಮಗೆ ಆರು ತಿಂಗಳು ಹಿಡಿಯಿತು. ಅಂದಿನಿಂದ ಕೇಳಿ ಪಡೆದ ಪದ ನಮ್ಮ ಶಬ್ದಕೋಶದ ಕಾರ್ಡಿಗೆ ಬರುವಂತಿಲ್ಲ. ಸಹಜ ಸಂದರ್ಭದಲ್ಲಿ, ಸಹಜ ಆವೇಶದಲ್ಲಿ, ತಾನಾಗಿ ಬಾಯಿಂದ ಬಿದ್ದದ್ದೇ ಆಗಬೇಕು.

ಸಂದರ್ಭ ಇಲ್ಲದಿದ್ದರೆ? ಉಂಟುಮಾಡಬೇಕು. ನಾನು ಟೈಪು ಮಾಡಿದ ಪತ್ರ ಹೀಗಿತ್ತು: “ಸದರಿ ಗಾಡಿಯನ್ನು ವಶಪಡಿಸಿಕೊಂಡು, ಅಧ್ಯಯನದ ಉದ್ದೇಶದಿಂದ ಒಂದು ಗಂಟೆ ಇರಿಸಿಕೊಂಡು, ಅದರ ಒಡತಿಯು ಮರಳಿ ಒಯ್ಯಲು ಯತ್ನಿಸಿದಾಗ ಅಲ್ಪ ಪ್ರತಿರೋಧ ತೋರಿ ಬಿಟ್ಟುಕೊಡತಕ್ಕದ್ದು.”

ಜಪ್ತಿ ದಳದವರು ವಶಪಡಿಸಿಕೊಂಡು ಎಂಬಲ್ಲಿಯವರೆಗೆ ಓದಿದರು. ಅಲ್ಲಿಂದ ಮುಂದೆ ಓದಿ ಅವರಿಗೆ ಅಭ್ಯಾಸವಿಲ್ಲ.

ಸೋಮವಾರ ಹತ್ತು ಗಂಟೆಗೆ ಲಾರಿ ಬಂತು. ನಾಲ್ಕು ಜನ ಇಳಿದರು. ಗಾಡಿ ತುಂಬಿತ್ತು. ಮಗುಚಿದರು. ಗಾಡಿಯಕ್ಕ ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡಳು. ಒಬ್ಬ ಎಳೆದ. ಅವಳು ಬಿಡಲಿಲ್ಲ. ಇಬ್ಬರು ಎಳೆದರು. ಹತ್ತು ಮಾರು ಮೊಣಕಾಲ ಮೇಲೆ ಹೋದಳು. ಹಗ್ಗ ಕೈ ಬಿಟ್ಟಿತು, ಅಂಗೈಯ ಚರ್ಮ ಹಗ್ಗದ ಜೊತೆ ಹೋಯಿತು. ಯಂತ್ರಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಓಡುತ್ತ ಅವಳ ಬಾಯಿಗೆ ಯಂತ್ರ ಹಿಡಿದಿದ್ದ. ಅವಳು ಅದನ್ನೂ ನೋಡಿದಳು.

ಲಾರಿ ಹೊರಟ ಮೇಲೆ ಕಟ್ಟಡದ ಕಾವಲುಗಾರ ಬಂದ.

“ಏನಿದು ಗಲೀಜು? ರಸ್ತೆ ಮೇಲೆಲ್ಲ! ತೆಗಿ, ತೆಗಿ.”

ಪೊರಕೆ ಗಾಡಿಯಲ್ಲೇ ಹೋಗಿತ್ತು. ಅವಳು ಕೈಯಿಂದ ಬಾಚಿದಳು. ಒಂದು ಗಂಟೆ ಹಿಡಿಯಿತು. ನಾವು ಕಿಟಕಿಯಿಂದ ನೋಡಿದೆವು. ಆಮೇಲೆ ಮೂವರೂ ಕೂತು ಯಂತ್ರ ಹಾಕಿ ಕೇಳಿದೆವು. ಏದುಸಿರು. ಲಾರಿಯ ಸದ್ದು. ಕಬ್ಬಿಣ ಕೀರುವ ಸದ್ದು. ನಡುವೆ ಒಂದು ನಗು.

“ಯಾರ್ದು ಅದು?”

“ನಂದೇ ಸಾರ್. ಗಾಬರಿಗೆ ಬಂದ್ಬಿಡ್ತು” ಎಂದ ಯಂತ್ರಪ್ಪ.

“ಇರ್ಲಿ. ಇದು ಬರೀ ಕಿತ್ಕೊಳ್ಳೋದಾಯ್ತು. ನಮಗೆ ಬೇಕಾಗಿರೋದು ಮರಳಿ ಕಿತ್ಕೊಳ್ಳೋದು. ಕಾಯೋಣ. ಬಂದೇ ಬರುತ್ತೆ.”

ಬರಲಿಲ್ಲ. ಅವಳು ಒಂದು ಗಂಟೆಯಲ್ಲಿ ಮರಳಿ ಕಿತ್ತುಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲವಲ್ಲ. ಅವಳು ಸಭ್ಯರು ಮಾಡುವುದನ್ನು ಮಾಡಿದಳು. ಅರ್ಜಿ ಬರೆಸಿಕೊಂಡು ಮೊದಲನೆಯ ಮಹಡಿಯ ಗುಮಾಸ್ತನ ಮುಂದೆ ನಿಂತಳು.

“ಗಾಡಿ ನಿಂದೇ ಅನ್ನೋದಕ್ಕೆ ರಸೀದಿ ಎಲ್ಲಿ?”

“ಕಸದಲ್ಲಿ ಸಿಕ್ಕಿದ್ದಣ್ಣ. ಕಸಕ್ಕೆ ರಸೀದಿ ಕೊಡ್ತಾರಾ?”

“ಹಂಗಾದ್ರೆ ಅದು ಕಸ. ಶನಿವಾರ ಮಧ್ಯಾಹ್ನ ಪುಡಿ ಮಾಡೋ ಮಿಷನ್ನಿಗೆ ಹೋಗುತ್ತೆ. ಬೋರ್ಡ್ ನೋಡು, ಹಾಕಿದೀವಿ.”

ಅವಳ ಮೇಸ್ತ್ರಿಯೂ ಶನಿವಾರವನ್ನೇ ಹೇಳಿದ. ಅಷ್ಟರಲ್ಲಿ ಗಾಡಿ ತರದಿದ್ದರೆ ಬೀದಿ ಬೇರೆಯವರಿಗೆ. ಅಲ್ಲಿಯವರೆಗೆ ಅವಳು ಕಸವನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ತಲೆಯ ಮೇಲೆ ಹೊತ್ತಳು. ಐದು ಕಟ್ಟಡ, ಒಂದು ಏರು, ದಿನಕ್ಕೆ ಹದಿನೆಂಟು ಗಂಟು. ಜೊತೆಗೆ ಅವಳ ಅತ್ತೆ. ಎಪ್ಪತ್ತು ದಾಟಿದ ಮುದುಕಿ, ಕೈಗಿಂತ ಬಾಯಿ ಗಟ್ಟಿ. ಹೊರುವಾಗಲೂ ಬೈಯುತ್ತಿದ್ದಳು, ಇಳಿಸುವಾಗಲೂ ಬೈಯುತ್ತಿದ್ದಳು.

ಪಂಡಿತರು ದಿನವೂ ಕಿಟಕಿಗೆ ಬಂದು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

“ನಾಲ್ಕು ದಿನ ಆಯ್ತು. ರೋಷ ಅನ್ನೋದೇ ಇಲ್ವಲ್ರೀ ಈ ಜನಕ್ಕೆ! ಅರ್ಜಿ ಕೊಡ್ತಾಳಂತೆ, ಅರ್ಜಿ!”

ಅವರ ಜೇಬಿನಲ್ಲಿ ಗಾಡಿಯ ಬಿಡುಗಡೆ ಆದೇಶ ಇತ್ತು. ಅದನ್ನೂ ನಾನೇ ಟೈಪು ಮಾಡಿದ್ದೆ. ಸಹಿ ಆಗಿತ್ತು, ಮೊಹರು ಬಿದ್ದಿತ್ತು. ಪದ ಬಿದ್ದ ಕೂಡಲೇ ಕೊಡುವುದೆಂದು ಇಟ್ಟುಕೊಂಡಿದ್ದರು. ಪದಕ್ಕೆ ಮೊದಲು ಕೊಟ್ಟರೆ ಸಂದರ್ಭದ ಸಹಜತೆ ಕೆಡುತ್ತದೆ.

ಶುಕ್ರವಾರ ಸಂಜೆ ನಾನು ಹಿಂದಿನ ಮೆಟ್ಟಿಲಿಗೆ ಹೋದೆ. ಕರುಣೆಯಿಂದ ಎಂದು ಹೇಳಿಕೊಳ್ಳಬಹುದು. ಅವಳು ಗಂಟು ಹೊತ್ತು ಇಳಿಯುತ್ತಿದ್ದಳು. ಗಂಟು ಸೋರುತ್ತಿತ್ತು. ಅವಳ ಕುತ್ತಿಗೆಯ ಮೇಲೆ ಇಳಿಯುತ್ತಿದ್ದುದು ನಾನು ಕುಡಿದು ಬಿಟ್ಟ ಚಹಾ. ಎಲೆಯ ಚೂರುಗಳಿಂದ ಗೊತ್ತಾಯಿತು, ಆ ಚಹಾ ಕುಡಿಯುವವನು ಮೂರನೆಯ ಮಹಡಿಯಲ್ಲಿ ನಾನೊಬ್ಬನೇ. ಹೇಳಿಬಿಟ್ಟೆ.

ಗಂಟು ಇಳಿಸದೆಯೇ ಕೇಳಿದಳು. ಅತ್ತೆ ಎರಡು ಹಂತ ಕೆಳಗೆ ನಿಂತಿದ್ದಳು.

“ಅಂದ್ರೆ ನಾನು ಕಿರುಚ್ಕೊಳ್ಲಿ ಅಂತ ಗಾಡಿ ತಗೊಂಡ್ರಾ?”

“ಕಿರುಚಿದ್ದನ್ನ ಬರ್ಕೊಳ್ಳೋಕೆ.”

“ಹೇಳಿದ್ನಲ್ಲ ಅವತ್ತು. ಬಾಗಿಲಲ್ಲಿ ನಿಲ್ಲಿಸ್ಕೊಂಡು ಕೇಳಿದ್ರು. ಹೇಳ್ದೆ.”

“ಕೇಳಿದಾಗ ಹೇಳಿದ್ದು ನಡೆಯಲ್ಲ. ನಿಯಮ ಹಾಗಿದೆ.”

ಅತ್ತೆ ಕಂಬಿ ಹಿಡಿದುಕೊಂಡು ನಗತೊಡಗಿದಳು. ನಕ್ಕು ನಕ್ಕು ಕೆಮ್ಮಿದಳು.

“ಅಯ್ಯೋ ಇವರ ವಂಶ ನಿರ್ವಂಶ ಆಗ! ಚಿನ್ನ ಕದ್ದೋರನ್ನ ನೋಡಿದೀನಿ, ಚಪ್ಪಲಿ ಕದ್ದೋರನ್ನ ನೋಡಿದೀನಿ. ಮಾತಿಗೋಸ್ಕರ ಗಾಡಿ ಕದ್ದೋರನ್ನ ಇವತ್ತೇ ಕಣೇ ಕೇಳ್ತಿರೋದು! ನನ್ನ ಹತ್ರ ಬಂದಿದ್ರೆ ಪುಕ್ಕಟೆ ಬುಟ್ಟಿಗಟ್ಲೆ ಬೈದು ಕಳಿಸ್ತಿದ್ನಲ್ಲೋ!”

ಗಾಡಿಯಕ್ಕ ನಗಲಿಲ್ಲ. ನನ್ನನ್ನೇ ನೋಡಿದಳು.

“ಈ ಮಾತು ಸೋಮವಾರ ಯಾಕೆ ಹೇಳ್ಲಿಲ್ಲ ಅಣ್ಣ?”

ನಾನು ಕಂಬಿಯ ತುಕ್ಕನ್ನು ನೋಡಿದೆ. ಆಗ ಅವಳು ಅತ್ತೆಯ ಕಡೆ ತಿರುಗಿದಳು.

“ಅತ್ತೆ, ನಾಳೆ ನೀನು ಬಾಯಿ ಮುಚ್ಕೊಂಡಿರ್ತೀಯಾ?”

“ಎಷ್ಟೊತ್ತು?”

“ಗಾಡಿ ಗೇಟು ದಾಟೋವರೆಗೆ.”

“ಸತ್ತ ಮೇಲೆ ಮುಚ್ಕೊ ಅಂದ್ರೆ ಸುಲಭ. ಬದುಕಿರೋವಾಗ ಕಷ್ಟ ಕಣೇ” ಎಂದಳು ಮುದುಕಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಹೂಂ. ಮುಚ್ಕೊತೀನಿ” ಎಂದಳು.

ಶನಿವಾರ ಹನ್ನೊಂದು ಗಂಟೆಗೆ ಜಪ್ತಿ ಮೈದಾನದ ಕಾವಲುಗಾರನ ಫೋನು ಬಂತು. ಐದು ಜನ ಹೆಂಗಸರು ಗೇಟಿನ ಹತ್ತಿರ ನಿಂತಿದ್ದಾರೆ, ಒಬ್ಬಳ ಕೈಯಲ್ಲಿ ಹಾರೆ ಇದೆ. ಪಂಡಿತರು ಕುರ್ಚಿಯಿಂದ ಎದ್ದೇ ಬಿಟ್ಟರು.

“ಬಂತು! ರೋಷ ಬಂತು! ಯಂತ್ರ ತಗೋ. ನೀವೂ ಬನ್ರೀ, ಬರ್ಕೊಳ್ಳೋಕೆ.”

ಮದುವೆಗೆ ಹೊರಟವರ ಹಾಗೆ ಕಾರಿನಲ್ಲಿ ಹೋದೆವು.

ಮೈದಾನದ ತುಂಬ ರಾಶಿಗಳು. ತಳ್ಳುಗಾಡಿಗಳು, ತಕ್ಕಡಿಗಳು, ಕೊಡೆಗಳು, ಚಾಕು ಸಾಣೆ ಹಿಡಿಯುವವನ ಚಕ್ರ, ಒಂಟಿ ಸ್ಟೂಲುಗಳು. ಮೂಲೆಯಲ್ಲಿ ಪುಡಿ ಮಾಡುವ ಮಿಷನ್ನು ಆಗಲೇ ಒಂದು ತಳ್ಳುಗಾಡಿಯನ್ನು ಅಗಿಯುತ್ತಿತ್ತು. ಹೆಂಗಸರು ಒಳಗೆ ಹೋಗಿಯಾಗಿತ್ತು. ಗೇಟಿನ ಸರಪಳಿ ತುಂಡಾಗಿ ನೆಲದ ಮೇಲಿತ್ತು.

ಐವರೂ ಮಾತಿಲ್ಲದೆ ಕೆಲಸ ಮಾಡುತ್ತಿದ್ದರು. ಗಾಡಿ ರಾಶಿಯ ಅಡಿಗೆ ಸಿಕ್ಕಿತ್ತು. ಹಾರೆ ಕೊಟ್ಟು ಮೀಟಿದರು. ಮೇಲಿನದನ್ನು ಇಬ್ಬರು ಎತ್ತಿ ಹಿಡಿದರು, ಇಬ್ಬರು ಎಳೆದರು. ಒಂದು ತಗಡು ಜಾರಿ ಗಾಡಿಯಕ್ಕನ ಮೊಣಕೈ ಸೀಳಿತು. ಅವಳು ಅಮ್ಮಾ ಎನ್ನಲಿಲ್ಲ. ಅತ್ತೆ ತುಟಿ ಒಳಗೆಳೆದು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಮಾತು ನುಂಗುವುದು ಅಷ್ಟು ಶ್ರಮದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ನಾನು ಮೂವತ್ತು ವರ್ಷ ಸುಲಭವಾಗಿ ನುಂಗಿದ್ದೇನೆ.

ಗಾಡಿ ಹೊರಬಂತು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಇಬ್ಬರು ಮುಂಭಾಗವನ್ನು ಎತ್ತಿಕೊಂಡರು. ಗಾಡಿಯಕ್ಕ ಹಗ್ಗವನ್ನು ಭುಜಕ್ಕೆ ಹಾಕಿದಳು. ಅಂಗೈಗೆ ಬಟ್ಟೆ ಕಟ್ಟಿಕೊಂಡಿದ್ದಳು.

ಕಾವಲುಗಾರ ಅಡ್ಡ ಬಂದ. ಅವನು ಅಲ್ಪ ಪ್ರತಿರೋಧದ ವಿಷಯ ಓದಿರಲಿಲ್ಲ, ಪೂರ್ತಿ ತೋರಿಸಲು ಬಂದ. ಅವಳ ತೋಳು ಹಿಡಿದು ತಿರುಚಿದ. ಅವಳು ಭುಜ ಕೊಟ್ಟು ಎದೆಗೆ ಗುದ್ದಿದಳು. ಅವನು ಹಿಮ್ಮುಖವಾಗಿ ಕೊಡೆಗಳ ರಾಶಿಯ ಮೇಲೆ ಬಿದ್ದ. “ಅಯ್ಯಯ್ಯಪ್ಪೋ!” ಎಂದ. ಯಂತ್ರಪ್ಪ ಅದನ್ನು ಸ್ಪಷ್ಟವಾಗಿ ಮುದ್ರಿಸಿಕೊಂಡ.

ಪಂಡಿತರು ಗೇಟಿನಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದರು.

“ಈಗ! ಈಗ ಹೇಳು! ನೀನು ಮಾಡ್ತಿದೀಯಲ್ಲ, ಇದನ್ನೇ, ನಿಮ್ಮೋರಿಗೆ ಕೂಗಿ ಹೇಳು! ಬೈ, ಪರ್ವಾಗಿಲ್ಲ, ನನ್ನನ್ನೇ ಬೈ!”

ಚಕ್ರ ಕೀರಿತು. ಅಷ್ಟೇ.

“ಅಜ್ಜಿ, ನೀವಾದ್ರೂ!”

ಅತ್ತೆ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಳು.

ಗಾಡಿ ಗೇಟಿಗೆ ಬಂತು. ಪಂಡಿತರು ದಾರಿಗೆ ಅಡ್ಡ ನಿಂತು ಜೇಬಿನಿಂದ ಕಾಗದ ತೆಗೆದರು. ಅವರ ದನಿ ಇಳಿದಿತ್ತು, ಮಗುವಿಗೆ ಔಷಧಿ ಕುಡಿಸುವವರ ಹಾಗೆ.

“ನೋಡಮ್ಮ, ಬಿಡುಗಡೆ ಆದೇಶ. ಸಹಿ ಆಗಿದೆ, ಮೊಹರು ಇದೆ. ಇದು ಕೈಲಿದ್ರೆ ನೀನು ಕದ್ದ ಹಾಗಾಗಲ್ಲ. ರಾಜಮಾರ್ಗದಲ್ಲಿ ತಗೊಂಡ್ ಹೋಗು. ಒಂದು ಮಾತು. ಒಂದೇ ಒಂದು ಮಾತು ಹೇಳಿ ತಗೊಂಡ್ ಹೋಗು.”

ಅವಳು ನಿಂತಳು. ಕಾಗದವನ್ನು ನೋಡಿದಳು. ಮೊಣಕೈಯಿಂದ ರಕ್ತ ಹಗ್ಗದ ಮೇಲೆ ಇಳಿಯುತ್ತಿತ್ತು. ತೆಗೆದುಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ತೆಗೆದುಕೊಂಡಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು, ಮುಖ್ಯವಾಗಿ ನನಗೆ. ಅವಳಿಗೆ ಆ ಪದ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಒಮ್ಮೆ ಬಾಗಿಲಲ್ಲಿ ನಿಂತು ಬಿಟ್ಟಿಯಾಗಿ ಕೊಟ್ಟಿದ್ದಳು.

ಉಗಿಯಲೂ ಇಲ್ಲ. ಉಗಿದಿದ್ದರೆ ಯಂತ್ರಪ್ಪ ಅದನ್ನೂ ಕಾರ್ಡಿಗೆ ಹಾಕುತ್ತಿದ್ದ. ಹಗ್ಗವನ್ನು ಭುಜದ ಮೇಲೆ ಸರಿಮಾಡಿಕೊಂಡಳು. ಬೆನ್ನು ಬಗ್ಗಿಸಿದಳು. ಎಳೆದಳು. ಪಂಡಿತರು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದರು. ಕಾಗದ ಕೈಜಾರಿತು. ಸ್ಟ್ರೆಚರಿನ ಚಕ್ರ ಸಹಿಯ ಮೇಲೆ ಹಾದು ಹೋಯಿತು.

ಗಾಡಿ ರಸ್ತೆಯ ತಿರುವು ದಾಟಿ ಕಣ್ಣಿಗೆ ಮರೆಯಾದ ಮೇಲೆ ಒಂದು ಸದ್ದು ಕೇಳಿಸಿತು. ಮೊದಲು ಮುದುಕಿಯದು, ಆಮೇಲೆ ಐವರದೂ. ನಗುತ್ತಿದ್ದರು. ಯಂತ್ರಪ್ಪ ಓಡಲು ಹೊರಟ. ನಗುವಿಗೆ ನಮ್ಮಲ್ಲಿ ಕಾರ್ಡು ಇಲ್ಲ ಎಂದು ನಾನು ಹೇಳಿದೆ.

ದೂರು ಕೊಡುವ ಮಾತು ಬಂತು. ಕೊಡಬೇಕಾದರೆ ಗಾಡಿಯನ್ನು ಯಾಕೆ ಹಿಡಿದದ್ದು ಎಂದು ಬರೆಯಬೇಕಿತ್ತು. ಅದಕ್ಕೆ ನಮ್ಮ ಪತ್ರ ಲಗತ್ತಿಸಬೇಕಿತ್ತು. ಪಂಡಿತರು ಪತ್ರವನ್ನು ಮತ್ತೊಮ್ಮೆ ಓದಿದರು. “ಭಾಷೆ ಚೆನ್ನಾಗಿದೆ, ಆದ್ರೆ ಬೇಡ” ಎಂದರು. ಪ್ರಕಟಣೆ ಹತ್ತು ಭಾಷೆಗಳಲ್ಲಿ ಅಚ್ಚಾಯಿತು. ಹನ್ನೊಂದನೆಯ ಅಂಕಣದಲ್ಲಿ ಒಂದು ಗೀಟು. ಆ ಒಂದು ಭಾಷೆಯಲ್ಲಿ ತನ್ನದನ್ನು ಮರಳಿ ಕಿತ್ತುಕೊಳ್ಳುವುದು ಇನ್ನೂ ಅಪರಾಧವಾಗಿಲ್ಲ ಎಂದು ಪಂಡಿತರಿಗೆ ನಿದ್ದೆ ಬರುತ್ತಿರಲಿಲ್ಲ.

ಸೋಮವಾರ ಗಾಡಿ ಬೀದಿಗೆ ಬಂತು. ಚಕ್ರ ನೆಟ್ಟಗಾಗಿತ್ತು. ಗಾಡಿ ಇದ್ದುದರಿಂದ ಮೇಸ್ತ್ರಿಗೆ ಬೀದಿ ಕಸಿಯಲು ನೆಪ ಸಿಗಲಿಲ್ಲ. ಗಾಡಿಯಕ್ಕ ನಾಲ್ಕು ಕಟ್ಟಡಗಳ ಕಸ ತುಂಬಿದಳು. ನಮ್ಮದರಲ್ಲಿ ಎರಡನೆಯ ಮಹಡಿಯವರೆಗೆ ಹತ್ತಿದಳು, ಅಲ್ಲಿಂದಲೇ ಇಳಿದಳು. ಮಂಗಳವಾರವೂ ಹಾಗೆಯೇ. ಬುಟ್ಟಿಗಳು ತುಂಬಿದವು. ಬುಧವಾರ ಅವುಗಳ ಪಕ್ಕದಲ್ಲಿ ರಾಶಿ ಬೆಳೆಯಿತು. ಮೂರನೆಯ ಮಹಡಿಯ ಶೌಚಾಲಯದ ಬಾಗಿಲನ್ನು ಯಾರೂ ತೆಗೆಯುವ ಹಾಗಿರಲಿಲ್ಲ. ಪಂಡಿತರು ಮೇಸ್ತ್ರಿಯನ್ನು ಕರೆಸಿದರು.

“ಅವಳಿಲ್ಲದಿದ್ರೆ ಬೇರೆಯವರನ್ನ ಕಳಿಸಯ್ಯ.”

“ಕೇಳ್ದೆ ಸಾರ್. ಒಬ್ಬರನ್ನಲ್ಲ, ಇಪ್ಪತ್ತು ಜನರನ್ನ ಕೇಳ್ದೆ.”

“ಏನಂತಾರೆ?”

“ಏನೂ ಅನ್ನಲ್ಲ ಸಾರ್. ಮೂರನೇ ಮಹಡಿ ಅಂದ ತಕ್ಷಣ ಬಾಯೇ ಬಿಡಲ್ಲ.”

ಎಂಟನೆಯ ದಿನ ಮಧ್ಯಾಹ್ನ ಪಂಡಿತರು ತಮ್ಮ ಬುಟ್ಟಿಯನ್ನು ತಾವೇ ಎತ್ತಿದರು. ಮುಂದಿನ ಮೆಟ್ಟಿಲಿನಲ್ಲಿ ಜನ ನೋಡುತ್ತಾರೆಂದು ಹಿಂದಿನದಕ್ಕೆ ಹೋದರು. ಸುತ್ತು ಮೆಟ್ಟಿಲು ಅವರಿಗೆ ಹೊಸದು. ಬುಟ್ಟಿ ಸೋರಿತು. ಬೀಳುತ್ತಾರೇನೋ ಎಂದು ನಾನು ಹಿಂದೆ ಹೋದೆ. ಕೆಳಗೆ ಗಾಡಿಯಕ್ಕ ಬೇರೆ ಮಹಡಿಗಳ ಕಸ ತುಂಬುತ್ತಿದ್ದಳು. ಪಂಡಿತರು ಬುಟ್ಟಿಯನ್ನು ಅವಳತ್ತ ಚಾಚಿದರು. ಅವಳು ಕೈ ಚಾಚಲಿಲ್ಲ. ಅವರು ಅದನ್ನು ಗಾಡಿಯ ಪಕ್ಕ ನೆಲದ ಮೇಲಿಟ್ಟು, ಕೈ ಒರೆಸಿಕೊಂಡು, ತಿರುಗಿದರು.

“ಎತ್ಕೊ” ಎಂದಳು ಅವಳು.

ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ಹೇಳಿದಳು. ದನಿ ಎತ್ತರಿಸಲಿಲ್ಲ. ಪಂಡಿತರು ನನ್ನ ಮುಖ ನೋಡಿದರು. ಅವರು ಬಗ್ಗಿ ಬುಟ್ಟಿ ಎತ್ತಿಕೊಂಡರು. ಅವಳು ಹಗ್ಗ ಹಾಕಿಕೊಂಡು ಗಾಡಿ ಎಳೆದುಕೊಂಡು ಹೋದಳು.

ಪಂಡಿತರು ಬುಟ್ಟಿ ಹಿಡಿದುಕೊಂಡು ಆ ಕಡೆ ನೋಡಿದರು, ಈ ಕಡೆ ನೋಡಿದರು. ಅಂಗಿಯ ಮುಂಭಾಗ ಒದ್ದೆಯಾಗುತ್ತಿತ್ತು.

“ಇದನ್ನ ಎಲ್ಲಿಗೆ ಹಾಕ್ತಾರ್ರೀ?” ಎಂದರು.

ಆ ಕಟ್ಟಡದಲ್ಲಿ ಅವರದು ಇಪ್ಪತ್ತೆರಡು ವರ್ಷ, ನನ್ನದು ಮೂವತ್ತು. ಊರ ಆಚೆ ಏರಿನ ತುದಿಯಲ್ಲಿ ಎಲ್ಲೋ ಒಂದು ಹೊಂಡವಿದೆ ಎಂದು ಕೇಳಿದ್ದೆ. ಯಾವ ಏರು, ಯಾವ ದಾರಿ, ನನಗೂ ಗೊತ್ತಿರಲಿಲ್ಲ.